ಸೌಂಡ್ ಸಮೇತ ಕಂಪ್ಯೂಟರ್ ಸ್ಕ್ರೀನ್ ರೆಕಾರ್ಡ್ ಮಾಡೋದು ಹೇಗೆ? ಅಂಗಡಿಯವರಿಗೆ, ಟ್ಯೂಷನ್ ಮೇಷ್ಟ್ರಿಗೆ ಪೂರ್ತಿ ಮಾಹಿತಿ

ತಿಂಗಳ 20ನೇ ತಾರೀಖು. ಪ್ರತಿ ತಿಂಗಳು ರಿಟರ್ನ್ ಹಾಕುವ ವ್ಯಾಪಾರಿಗಳಿಗೆ ಜಿಎಸ್‌ಟಿಆರ್-3ಬಿ ಸಲ್ಲಿಸಲು ಕಡೇ ದಿನ. ಲೆಕ್ಕವೆಲ್ಲ ತುಂಬಿ ಬಟನ್ ಒತ್ತಿದರೆ ಪೋರ್ಟಲ್ ಸುತ್ತುತ್ತಲೇ ಇರುತ್ತದೆ. ಕೊನೆಗೆ ಏನೋ ಒಂದು ಎರರ್ ಬಂದು ಕ್ಷಣದಲ್ಲಿ ಮಾಯ. ಮರುದಿನ ಆಡಿಟರ್ ಹತ್ರ ಹೋಗಿ "ಏನೋ ಬಂತು ಸಾರ್, ಓದೋಕೆ ಆಗ್ಲಿಲ್ಲ" ಅಂದರೆ ಅವರಾದರೂ ಏನು ಮಾಡಿಯಾರು? ತಡವಾದರೆ ದಿನಕ್ಕೆ 50 ರೂಪಾಯಿ, ವ್ಯವಹಾರವೇ ಇಲ್ಲದ ನಿಲ್ ರಿಟರ್ನ್ ಆದರೂ 20 ರೂಪಾಯಿ ಲೇಟ್ ಫೀ ಏರುತ್ತಾ ಹೋಗುತ್ತದೆ.

ಇಂಥ ಹೊತ್ತಲ್ಲಿ ಸ್ಕ್ರೀನ್ ಮೇಲೆ ಆಗಿದ್ದೆಲ್ಲ ವಿಡಿಯೋ ಆಗಿ ಉಳಿದಿದ್ದರೆ ಮಾತು ಬೇರೆ. ಬಿಲ್ಲಿಂಗ್ ಸಾಫ್ಟ್‌ವೇರ್ ಕೈಕೊಟ್ಟಾಗ ಕಂಪನಿಯವರಿಗೆ ತೋರಿಸಲು, ಅಂಗಡಿಗೆ ಹೊಸದಾಗಿ ಸೇರಿದ ಹುಡುಗನಿಗೆ ಬಿಲ್ ಹಾಕೋದು ಕಲಿಸಲು, ಟ್ಯೂಷನ್ ಮಕ್ಕಳಿಗೆ ಪಾಠ ಕಳಿಸಲು ಇದೇ ಉಪಾಯ. ದುಡ್ಡು ಕೊಟ್ಟು ಯಾವ ಸಾಫ್ಟ್‌ವೇರನ್ನೂ ಕೊಳ್ಳಬೇಕಿಲ್ಲ. ಆದರೆ ಮುಕ್ಕಾಲು ಗಂಟೆ ಪಾಠ ಹೇಳಿ ಮುಗಿಸಿದ ಮೇಲೆ "ಅಯ್ಯೋ, ಸೌಂಡೇ ಬಂದಿಲ್ವಲ್ಲ" ಅನ್ನೋ ಪರಿಸ್ಥಿತಿ ಮಾತ್ರ ಬರಬಾರದು.

ಸೌಂಡ್‌ಗೆ ಎರಡು ದಾರಿ

ಮೊದಲು ತಿಳಿಯಬೇಕಾದ್ದು ಇದೊಂದೇ. ರೆಕಾರ್ಡಿಂಗ್‌ಗೆ ಸೌಂಡ್ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಕಂಪ್ಯೂಟರ್ ಒಳಗಿನ ಸೌಂಡ್: ಸ್ಪೀಕರ್‌ನಲ್ಲಿ ಕೇಳುವ ವಿಡಿಯೋ, ವಿಡಿಯೋ ಕಾಲ್‌ನಲ್ಲಿ ಆ ಕಡೆಯವರ ಮಾತು. ಇದಕ್ಕೆ ಸಿಸ್ಟಮ್ ಆಡಿಯೋ ಅಥವಾ ಡೆಸ್ಕ್‌ಟಾಪ್ ಆಡಿಯೋ ಅಂತಾರೆ. ಇನ್ನೊಂದು, ಮೈಕ್ ಮೂಲಕ ಬರುವ ನಮ್ಮ ಮಾತು. ಎರಡಕ್ಕೂ ಬೇರೆ ಬೇರೆ ಸ್ವಿಚ್. ಒಂದನ್ನು ಆನ್ ಮಾಡಿದರೆ ಇನ್ನೊಂದು ತಾನಾಗೇ ಆನ್ ಆಗೋದಿಲ್ಲ. ಪಾಠಕ್ಕೆ ಮೈಕ್ ಸಾಕು, ಆನ್‌ಲೈನ್ ತರಬೇತಿ ಉಳಿಸಿಕೊಳ್ಳಲು ಸಿಸ್ಟಮ್ ಆಡಿಯೋ ಸಾಕು, ಮೀಟಿಂಗ್‌ನಲ್ಲಿ ಎರಡೂ ಕಡೆಯ ಮಾತು ಬೇಕಾದರೆ ಎರಡೂ ಬೇಕು.

ವಿಂಡೋಸ್ 11 ಇದ್ದರೆ

ಇದರಲ್ಲಿ ಬರುವ ಸ್ನಿಪ್ಪಿಂಗ್ ಟೂಲ್‌ಗೆ 2023ರಲ್ಲಿ ಸ್ಕ್ರೀನ್ ರೆಕಾರ್ಡಿಂಗ್ ಸೇರಿತು. ಅದೇ ವರ್ಷ ಸೌಂಡ್ ಕೂಡ ಬಂತು. ವಿಧಾನ ಹೀಗಿದೆ:

1. ಸ್ಟಾರ್ಟ್ ಮೆನುವಿನಲ್ಲಿ ಸ್ನಿಪ್ಪಿಂಗ್ ಟೂಲ್ ಹುಡುಕಿ ತೆರೆಯಬೇಕು.
2. ಮೇಲಿನ ವಿಡಿಯೋ ಕ್ಯಾಮೆರಾ ಗುರುತು ಆರಿಸಿ 'ನ್ಯೂ' ಒತ್ತಬೇಕು.
3. ಎಷ್ಟು ಜಾಗ ರೆಕಾರ್ಡ್ ಆಗಬೇಕೋ ಅಷ್ಟನ್ನು ಮೌಸ್‌ನಿಂದ ಎಳೆದು ಗುರುತು ಮಾಡಬೇಕು.
4. ಮೇಲೆ ಕಾಣುವ ಪಟ್ಟಿಯಲ್ಲಿ ಮೈಕ್ ಮತ್ತು ಸ್ಪೀಕರ್ ಗುರುತುಗಳಿವೆ. ಬೇಕಾದ್ದು ಆನ್ ಇದೆಯೇ ನೋಡಿಕೊಂಡು 'ಸ್ಟಾರ್ಟ್' ಒತ್ತಬೇಕು.

ಫೈಲ್ 'ವಿಡಿಯೋಸ್' ಫೋಲ್ಡರ್ ಒಳಗಿನ 'ಸ್ಕ್ರೀನ್ ರೆಕಾರ್ಡಿಂಗ್ಸ್'ನಲ್ಲಿ ಸಿಗುತ್ತದೆ. ಮೈಕ್, ಸ್ಪೀಕರ್ ಗುರುತು ಕಾಣದಿದ್ದರೆ ಮೈಕ್ರೋಸಾಫ್ಟ್ ಸ್ಟೋರ್‌ಗೆ ಹೋಗಿ ಸ್ನಿಪ್ಪಿಂಗ್ ಟೂಲ್ ಅಪ್‌ಡೇಟ್ ಮಾಡಬೇಕು.

ವಿಂಡೋಸ್ 10 ಇದ್ದರೆ

ಈ ವಿಂಡೋಸ್‌ಗೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದರೂ ಇದು ಓಡುತ್ತಿರುವ ಅಂಗಡಿಗಳು ಬೇಕಾದಷ್ಟಿವೆ. ಇದರಲ್ಲಿ ಎಕ್ಸ್‌ಬಾಕ್ಸ್ ಗೇಮ್ ಬಾರ್ ಇದೆ. ಹೆಸರು ಗೇಮ್ ಆದರೂ ಬ್ರೌಸರ್, ಬಿಲ್ಲಿಂಗ್ ಸಾಫ್ಟ್‌ವೇರ್‌ಗೂ ಆಗುತ್ತದೆ. ರೆಕಾರ್ಡ್ ಆಗಬೇಕಾದ ಪ್ರೋಗ್ರಾಂ ತೆರೆದು, ವಿಂಡೋಸ್ ಕೀ ಜೊತೆ 'ಜಿ' ಒತ್ತಿದರೆ ಬಾರ್ ಬರುತ್ತದೆ. ಅದರ ಸೆಟ್ಟಿಂಗ್ಸ್‌ನ 'ಕ್ಯಾಪ್ಚರಿಂಗ್' ಭಾಗದಲ್ಲಿ ಆಡಿಯೋಗೆ 'ಆಲ್' ಆರಿಸಿದರೆ ಕಂಪ್ಯೂಟರ್ ಸೌಂಡ್ ಎಲ್ಲ ಬರುತ್ತದೆ. ವಿಂಡೋಸ್ ಕೀ, ಆಲ್ಟ್, 'ಆರ್' ಒಟ್ಟಿಗೆ ಒತ್ತಿದರೆ ರೆಕಾರ್ಡಿಂಗ್ ಶುರು. ಮತ್ತೆ ಅದನ್ನೇ ಒತ್ತಿದರೆ ಬಂದ್. 'ಆರ್' ಬದಲು 'ಎಂ' ಒತ್ತಿದರೆ ಮೈಕ್ ಆನ್ ಅಥವಾ ಆಫ್ ಆಗುತ್ತದೆ. ಫೈಲ್ 'ವಿಡಿಯೋಸ್' ಒಳಗಿನ 'ಕ್ಯಾಪ್ಚರ್ಸ್'ನಲ್ಲಿರುತ್ತದೆ.

ಒಂದು ಮಿತಿ ಇದೆ. ಗೇಮ್ ಬಾರ್ ಒಂದು ಪ್ರೋಗ್ರಾಂನ ಕಿಟಕಿಯನ್ನು ಮಾತ್ರ ಹಿಡಿಯುತ್ತದೆ. ಡೆಸ್ಕ್‌ಟಾಪ್ ಆಗಲಿ, ಫೈಲ್ ಎಕ್ಸ್‌ಪ್ಲೋರರ್ ಆಗಲಿ ರೆಕಾರ್ಡ್ ಆಗುವುದಿಲ್ಲ. ನಡುವೆ ಎಕ್ಸೆಲ್‌ಗೆ ಹೋಗಿ ತೋರಿಸಿದ್ದೆಲ್ಲ ವಿಡಿಯೋದಲ್ಲಿ ಬಂದಿರುವುದಿಲ್ಲ.

ಎಲ್ಲದಕ್ಕೂ ಆಗುವುದು: ಒಬಿಎಸ್ ಸ್ಟುಡಿಯೋ

ಇಡೀ ಸ್ಕ್ರೀನ್ ಬೇಕು, ಎರಡೂ ಸೌಂಡ್ ಬೇಕು, ಪ್ರೋಗ್ರಾಂ ಬದಲಿಸುತ್ತಾ ತೋರಿಸಬೇಕು ಅನ್ನುವವರಿಗೆ ಒಬಿಎಸ್ ಸ್ಟುಡಿಯೋ ಸೂಕ್ತ. ಇದು ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ವಿಡಿಯೋ ಮೇಲೆ ಕಂಪನಿ ಮುದ್ರೆ ಬೀಳುವುದಿಲ್ಲ, ಇಷ್ಟೇ ನಿಮಿಷ ಅನ್ನೋ ಕಟ್ಟುಪಾಡೂ ಇಲ್ಲ. ಡೌನ್‌ಲೋಡ್ ಮಾತ್ರ ಒಬಿಎಸ್‌ನ ಅಧಿಕೃತ ತಾಣದಿಂದಲೇ ಆಗಬೇಕು.

ತೆರೆದ ಮೇಲೆ ಕೆಳಗಿನ 'ಸೋರ್ಸಸ್' ಪೆಟ್ಟಿಗೆಯಲ್ಲಿ ಪ್ಲಸ್ ಗುರುತು ಒತ್ತಿ 'ಡಿಸ್‌ಪ್ಲೇ ಕ್ಯಾಪ್ಚರ್' ಸೇರಿಸಬೇಕು. ಪಕ್ಕದ 'ಆಡಿಯೋ ಮಿಕ್ಸರ್'ನಲ್ಲಿ 'ಡೆಸ್ಕ್‌ಟಾಪ್ ಆಡಿಯೋ', 'ಮೈಕ್' ಎಂದು ಎರಡು ಪಟ್ಟಿಗಳಿರುತ್ತವೆ. ಹಾಡು ಹಾಕಿದಾಗ ಮೊದಲನೆಯದು, ಮಾತಾಡಿದಾಗ ಎರಡನೆಯದು ಕುಣಿಯಬೇಕು. ಕುಣಿಯದಿದ್ದರೆ ಆ ಸೌಂಡ್ ಬರುತ್ತಿಲ್ಲ ಅಂತಲೇ ಅರ್ಥ. ಮಾತಿನ ಮಟ್ಟ ಹಳದಿ ಬಣ್ಣದ ಆಸುಪಾಸಿನಲ್ಲಿದ್ದರೆ ಸರಿ. ಕೆಂಪಿಗೆ ಹೋಗಿ ತಾಗುತ್ತಿದ್ದರೆ ದನಿ ಒಡೆಯುತ್ತದೆ. ಎಲ್ಲ ಸರಿ ಇದ್ದರೆ 'ಸ್ಟಾರ್ಟ್ ರೆಕಾರ್ಡಿಂಗ್'.

ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ, ಯುಪಿಎಸ್ ಬ್ಯಾಟರಿಯೂ ಸತ್ತಿದೆ ಎನ್ನುವವರು ಸೆಟ್ಟಿಂಗ್ಸ್‌ನ 'ಔಟ್‌ಪುಟ್' ಭಾಗದಲ್ಲಿ ರೆಕಾರ್ಡಿಂಗ್ ಮಾದರಿಯನ್ನು 'ಎಂಕೆವಿ' ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಸಾಮಾನ್ಯ ಎಂಪಿ4 ಫೈಲ್‌ನ ಮುಖ್ಯ ಸೂಚಿ ಕೊನೆಯಲ್ಲಿ ಬರೆಯಲ್ಪಡುತ್ತದೆ. ನಡುವೆ ಕರೆಂಟ್ ಹೋದರೆ ಇಡೀ ಫೈಲ್ ತೆರೆಯದೇ ಹೋಗಬಹುದು. ಎಂಕೆವಿ ಆದರೆ ಅಲ್ಲಿವರೆಗಿನದು ಉಳಿಯುತ್ತದೆ. ಆಮೇಲೆ ಒಬಿಎಸ್‌ನ 'ಫೈಲ್' ಮೆನುವಿನ 'ರೀಮಕ್ಸ್ ರೆಕಾರ್ಡಿಂಗ್ಸ್'ನಿಂದ ಎಂಪಿ4 ಮಾಡಿಕೊಳ್ಳಬಹುದು.

ಕಂಪ್ಯೂಟರ್ ಹಳೆಯದಾಗಿ ವಿಡಿಯೋ ತಡವರಿಸುತ್ತಿದ್ದರೆ ಸೆಟ್ಟಿಂಗ್ಸ್‌ನ 'ವಿಡಿಯೋ' ಭಾಗದಲ್ಲಿ ಔಟ್‌ಪುಟ್ ಅಳತೆ 1280x720ಕ್ಕೆ, ಫ್ರೇಮ್ ಲೆಕ್ಕ 15ಕ್ಕೆ ಇಳಿಸಬಹುದು. ಬಿಲ್ ಹಾಕೋದು ತೋರಿಸಲು ಅಷ್ಟು ಧಾರಾಳ.

ಮ್ಯಾಕ್ ಮತ್ತು ಮೊಬೈಲ್

ಮ್ಯಾಕ್‌ನಲ್ಲಿ ಶಿಫ್ಟ್, ಕಮಾಂಡ್, 5 ಒಟ್ಟಿಗೆ ಒತ್ತಿ 'ಆಪ್ಷನ್ಸ್'ನಲ್ಲಿ ಮೈಕ್ ಆರಿಸಿದರೆ ನಮ್ಮ ಮಾತು ಸೇರುತ್ತದೆ. ಕಂಪ್ಯೂಟರ್ ಒಳಗಿನ ಸೌಂಡ್ ಬೇಕಿದ್ದರೆ ಮ್ಯಾಕ್ ಒಎಸ್ 13 ಅಥವಾ ನಂತರದ್ದರಲ್ಲಿ ಒಬಿಎಸ್ ಬಳಸಬಹುದು. ಆಂಡ್ರಾಯ್ಡ್ 11ರಿಂದ ಈಚಿನ ಮೊಬೈಲ್‌ಗಳಲ್ಲಿ ಸ್ಕ್ರೀನ್ ರೆಕಾರ್ಡರ್ ಒಳಗೇ ಇರುತ್ತದೆ. ಅಲ್ಲೂ ಫೋನಿನ ಸೌಂಡ್, ಮೈಕ್ ಬೇರೆ ಬೇರೆ ಆಯ್ಕೆ.

ಸೌಂಡ್ ಬರಲಿಲ್ಲ ಅಂದರೆ

- ನಮ್ಮ ಮಾತು ಬಂದಿಲ್ಲವೇ? ವಿಂಡೋಸ್ ಸೆಟ್ಟಿಂಗ್ಸ್‌ನ 'ಪ್ರೈವೆಸಿ' ಭಾಗದಲ್ಲಿ ಮೈಕ್ರೋಫೋನ್‌ಗೆ ಅನುಮತಿ ಇದೆಯೇ ನೋಡಬೇಕು. ಡೆಸ್ಕ್‌ಟಾಪ್ ಆ್ಯಪ್‌ಗಳ ಅನುಮತಿಗೆ ಅಲ್ಲೇ ಬೇರೆ ಸ್ವಿಚ್ ಇದೆ. ಡೆಸ್ಕ್‌ಟಾಪ್ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ ಮೈಕ್ ಇರುವುದೇ ಇಲ್ಲ, ಹೆಡ್‌ಸೆಟ್ ಸಿಕ್ಕಿಸಬೇಕು.
- ಮಾತು ಎರಡೆರಡು ಸಲ ಕೇಳುತ್ತಿದೆಯೇ? ಸ್ಪೀಕರ್ ಸೌಂಡನ್ನು ಮೈಕ್ ಮತ್ತೆ ಹಿಡಿಯುತ್ತಿದೆ. ಹೆಡ್‌ಫೋನ್ ಹಾಕಿದರೆ ನಿಲ್ಲುತ್ತದೆ.
- ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ದನಿ ಹಳೇ ಫೋನಿನಂತೆ ಕೇಳುತ್ತಿದೆಯೇ? ಅದರ ಮೈಕ್ ಆನ್ ಆದ ಕೂಡಲೇ ಸಾಮಾನ್ಯವಾಗಿ ಗುಣಮಟ್ಟ ಇಳಿಯುತ್ತದೆ. ವೈರ್ ಇರುವ ಹೆಡ್‌ಸೆಟ್ ವಾಸಿ.
- ಸೌಂಡ್ ಇದೆ, ಪಿಕ್ಚರ್ ಕಪ್ಪು? ಸಿನಿಮಾ ತೋರಿಸುವ ಓಟಿಟಿಗಳು ಕಾಪಿ ಆಗದಂತೆ ಬೀಗ ಹಾಕಿರುತ್ತವೆ. ಅದು ಕಂಪ್ಯೂಟರ್ ದೋಷ ಅಲ್ಲ.

ಫೈಲ್ ದೊಡ್ಡದಾದರೆ

ಸೆಕೆಂಡಿಗೆ 2,500 ಕಿಲೋಬಿಟ್ ದರದಲ್ಲಿ ರೆಕಾರ್ಡ್ ಮಾಡಿದರೆ ನಿಮಿಷಕ್ಕೆ ಸುಮಾರು 19 ಎಂಬಿ, ಗಂಟೆಗೆ 1.1 ಜಿಬಿ ಆಗುತ್ತದೆ. ಶುರು ಮಾಡುವ ಮೊದಲು ಡಿಸ್ಕ್‌ನಲ್ಲಿ ಜಾಗ ಇದೆಯೇ ನೋಡಿಕೊಳ್ಳಬೇಕು. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ಆಗಿ ಕಳಿಸಿದರೆ ಕುಗ್ಗಿ ಅಕ್ಷರ ಮಸುಕಾಗುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಇದ್ದದ್ದು ಇದ್ದ ಹಾಗೇ ಹೋಗುತ್ತದೆ. ಅದರ ಮಿತಿ 2 ಜಿಬಿ.

ಪುರಾವೆಯಾಗಿ ಬೇಕಿದ್ದರೆ

ಎರರ್ ತೋರಿಸುವ ರೆಕಾರ್ಡಿಂಗ್‌ನಲ್ಲಿ ಕೆಳಮೂಲೆಯ ತಾರೀಖು, ಸಮಯ ಕಾಣುವಂತಿರಲಿ. ಮೂಲ ಫೈಲನ್ನು ಕತ್ತರಿಸದೆ, ಕುಗ್ಗಿಸದೆ ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇಡಬೇಕು. ವಿಷಯ ಕೋರ್ಟಿನವರೆಗೆ ಹೋದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆ ಜೊತೆ ಪ್ರಮಾಣಪತ್ರವೂ ಬೇಕಾಗುತ್ತದೆ. ಹಿಂದೆ ಇದನ್ನೇ 65ಬಿ ಸರ್ಟಿಫಿಕೇಟ್ ಅನ್ನುತ್ತಿದ್ದರು. ಅಂಥ ಸಂದರ್ಭದಲ್ಲಿ ವಕೀಲರನ್ನು ಕೇಳಿಯೇ ಮುಂದುವರಿಯಬೇಕು.

ಇವು ರೆಕಾರ್ಡ್ ಆಗಬಾರದು

ಪಾಸ್‌ವರ್ಡ್, ಒಟಿಪಿ, ಬ್ಯಾಂಕ್ ಬ್ಯಾಲೆನ್ಸ್, ಗಿರಾಕಿಗಳ ಫೋನ್ ನಂಬರ್, ಆಧಾರ್ ಸಂಖ್ಯೆ ವಿಡಿಯೋದಲ್ಲಿ ಬಂದರೆ ಅದು ಎಲ್ಲಿಗೆ ಬೇಕಾದರೂ ಹೋಗಬಹುದು. ಶುರು ಮಾಡುವ ಮೊದಲು ಬೇಡದ ಟ್ಯಾಬ್, ವಾಟ್ಸ್‌ಆ್ಯಪ್ ವೆಬ್ ಮುಚ್ಚಬೇಕು. ವಿಡಿಯೋ ಕಾಲ್ ರೆಕಾರ್ಡ್ ಮಾಡುವುದಿದ್ದರೆ ಆ ಕಡೆಯವರಿಗೆ ಹೇಳಿ, ಒಪ್ಪಿಗೆ ಪಡೆದು ಮಾಡುವುದೇ ಮರ್ಯಾದೆ.

ಇನ್ನೊಂದು ಮಾತು. ಸ್ಕ್ರೀನ್ ರೆಕಾರ್ಡಿಂಗ್ ಬೇರೆ, ಸ್ಕ್ರೀನ್ ಶೇರಿಂಗ್ ಬೇರೆ. "ಬ್ಯಾಂಕಿನಿಂದ ಮಾತಾಡ್ತಿದ್ದೀವಿ, ಈ ಆ್ಯಪ್ ಹಾಕಿಕೊಂಡು ಸ್ಕ್ರೀನ್ ತೋರಿಸಿ" ಎಂದು ಅಪರಿಚಿತರು ಫೋನ್ ಮಾಡಿದರೆ ಅದು ವಂಚನೆಯ ಹಾದಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಹತ್ತು ಸೆಕೆಂಡಿನ ಪರೀಕ್ಷೆ

ಯಾವ ಸಾಫ್ಟ್‌ವೇರ್ ಆದರೂ ಸರಿ, ಅಸಲಿ ಕೆಲಸಕ್ಕೆ ಮೊದಲು ಹತ್ತೇ ಸೆಕೆಂಡು ರೆಕಾರ್ಡ್ ಮಾಡಬೇಕು. ಹಿನ್ನೆಲೆಯಲ್ಲಿ ಒಂದು ವಿಡಿಯೋ ಹಾಕಿ, ಬಾಯಲ್ಲಿ ಒಂದರಿಂದ ಐದರವರೆಗೆ ಎಣಿಸಿ ನಿಲ್ಲಿಸಬೇಕು. ಫೈಲ್ ತೆರೆದು ಮೂರು ಪ್ರಶ್ನೆ ಕೇಳಿಕೊಳ್ಳಬೇಕು: ಪಿಕ್ಚರ್ ಬಂತಾ? ಕಂಪ್ಯೂಟರ್ ಸೌಂಡ್ ಬಂತಾ? ನಮ್ಮ ಮಾತು ಬಂತಾ? ಬೇಕಾದ್ದೆಲ್ಲ ಬಂದಿದ್ದರೆ ಮಾತ್ರ ಮುಂದಿನ ಕೆಲಸ. ಕಡೇ ದಿನದ ರಾತ್ರಿ ಪೋರ್ಟಲ್ ಎದುರು ಕೂತಾಗ ಇದನ್ನು ಕಲಿಯಲು ಪುರುಸೊತ್ತು ಇರುವುದಿಲ್ಲ. ಅಂಗಡಿಯಲ್ಲಿ ಗಿರಾಕಿ ಕಡಿಮೆ ಇರುವ ಒಂದು ಮಧ್ಯಾಹ್ನವೇ ಮಾಡಿ ನೋಡಿಟ್ಟುಕೊಳ್ಳುವುದು ಕ್ಷೇಮ.