ವಡಗಾವಿಯ ಬಾವಿಗಳೂ ಇಂಧನದೂಷಿತ ನೆಲದ ಶೋಧನೆಯೂ

ಬೆಳಗಾವಿಯ ನೀರಿನ ಇತಿಹಾಸವು ಬಹುಮಟ್ಟಿಗೆ ಬಾವಿಗಳ ಇತಿಹಾಸವೇ ಆಗಿದೆ. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನೆರೆದ ಕಾಂಗ್ರೆಸ್ ಅಧಿವೇಶನಕ್ಕಾಗಿ ಟಿಳಕವಾಡಿಯಲ್ಲಿ ತೋಡಿಸಿದ ಬಾವಿಯು ಇಂದಿಗೂ ಉಳಿದಿದೆ. 1960ರ ದಶಕದಲ್ಲಿ ರಾಕಸಕೊಪ್ಪ ಜಲಾಶಯದ ನೀರು ಒದಗಿದ ಬಳಿಕ ನಗರದ ಅನೇಕ ಬಾವಿಗಳು ಅಲಕ್ಷ್ಯಕ್ಕೀಡಾದವು. 1990ರ ದಶಕದಲ್ಲಿ ನೀರಿನ ಅಭಾವವು ತಲೆದೋರಲು ಅವುಗಳ ಹೂಳನ್ನು ತೆಗೆಸಿ ಮತ್ತೆ ಬಳಕೆಗೆ ತರಲಾಯಿತು.

ಇಂಥ ಬಾವಿಗಳು ನೀರಿನ ಆಕರಗಳಷ್ಟೇ ಅಲ್ಲ, ನೆಲದ ದೋಷವನ್ನು ತಿಳಿಸುವ ಸಾಧನಗಳೂ ಹೌದು. ನೆಲದಡಿಯ ತೊಟ್ಟಿಯಿಂದ ಸೋರಿದ ಪೆಟ್ರೋಲು ಜಂಬಿಟ್ಟಿಗೆಯ ರಂಧ್ರಗಳಲ್ಲಿಳಿದು, ನೀರಿಗಿಂತ ಹಗುರವಾದುದರಿಂದ ಅಂತರ್ಜಲದ ಮೇಲೆ ಹರಡುತ್ತದೆ. ಮಳೆಗಾಲದಲ್ಲಿ ಏರಿದ ನೀರು ಅದನ್ನು ಮಣ್ಣಿನಲ್ಲಿ ಹುದುಗಿಸುವುದರಿಂದ ಬಾವಿಯು ಶುದ್ಧವೆಂದು ತೋರಬಹುದು. ಬೇಸಿಗೆಯಲ್ಲಿ ನೀರಿಳಿದಾಗ ಎಣ್ಣೆಯ ಪದರವು ಮರಳಿ ಕಾಣಿಸಿಕೊಳ್ಳುತ್ತದೆ. ಆದುದರಿಂದ ಒಂದೇ ಋತುವಿನ ಪರೀಕ್ಷೆಯನ್ನು ನಂಬಲಾಗದು. ಪದರವು ಕಾಣದಿದ್ದರೂ ನೀರಿನಲ್ಲಿ ಬೆಂಜೀನು ಕರಗಿರಬಹುದು. ಕುಡಿಯುವ ನೀರಿನಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು ವಿಧಿಸಿರುವ ಮಿತಿಯು ಲೀಟರಿಗೆ 10 ಮೈಕ್ರೋಗ್ರಾಮು.

ಒಂದೇ ಸಾಲಿನಲ್ಲಿಲ್ಲದ ಮೂರು ಬಾವಿಗಳ ಜಲಮಟ್ಟವನ್ನಳೆದರೆ ಅಂತರ್ಜಲವು ಹರಿಯುವ ದಿಕ್ಕು ತಿಳಿಯುತ್ತದೆ; ಮಾಲಿನ್ಯದ ಮೂಲವನ್ನು ಅದರ ಎದುರು ದಿಕ್ಕಿನಲ್ಲಿ ಅರಸಬೇಕು. ವಡಗಾವಿಯಂಥ ಹಳೆಯ ನೇಕಾರಕೇರಿಯಲ್ಲಿ ಶೋಧಕನು ಹೊಸ ಕೊಳವೆಯನ್ನು ಕೊರೆಯುವ ಮುನ್ನ ಮನೆಮನೆಯ ಬಾವಿಗಳ ಆಳವನ್ನು, ವಾಸನೆಯು ಮೊದಲು ತೋರಿದ ವರ್ಷವನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳುವುದು ಅವಶ್ಯ. ಮುಚ್ಚಿಹೋದ ಬಾವಿಯೊಡನೆ ಆ ದಾಖಲೆಯೂ ಅಳಿಯುತ್ತದೆ.