ಪಿತ್ತದ ದಾರಿ ತೆರೆದ ಕಥೆ

‘ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ’ ಎಂಬುದು ನಮ್ಮ ಗಾದೆ. ವಾಸ್ತವದಲ್ಲಿ ರೋಗಿಗೆ ಲೋಕ ಹಳದಿಯಾಗಿ ಕಾಣುವುದಿಲ್ಲ. ಲೋಕಕ್ಕೆ ರೋಗಿ ಹಾಗೆ ಕಾಣುತ್ತಾನೆ. ಯಕೃತ್ತಿನಲ್ಲಿ ಹುಟ್ಟಿದ ಪಿತ್ತರಸ ಸಣ್ಣ ಕರುಳಿಗಿಳಿಯುವ ನಾಳ ಮುಚ್ಚಿದಾಗಲೂ ಈ ಸ್ಥಿತಿ ಒದಗುತ್ತದೆ. ಕಲ್ಲೊಂದು ಅಡ್ಡ ನಿಂತಿರಬಹುದು. ಮೇದೋಜೀರಕ ಗ್ರಂಥಿಯ ಅರ್ಬುದ ನಾಳವನ್ನು ಅದುಮಿರಬಹುದು. ದಾರಿ ಕಾಣದ ಪಿತ್ತ ರಕ್ತವನ್ನು ಸೇರುತ್ತದೆ. ಮೈಯೆಲ್ಲ ನವೆ, ನಿದ್ರೆಯಿಲ್ಲದ ರಾತ್ರಿ, ಅನ್ನದ್ವೇಷ: ಇವು ಅದರ ಫಲ.

ಅರ್ಬುದದಿಂದ ನಾಳ ಮುಚ್ಚಿದಾಗ ಬಹುಕಾಲ ಇದ್ದ ಉಪಾಯವೆಂದರೆ, ಹೊಟ್ಟೆಯನ್ನು ಕೊಯ್ದು ಪಿತ್ತಕ್ಕೆ ಕರುಳಿನೊಡನೆ ಬೇರೊಂದು ಸಂಪರ್ಕ ಕಲ್ಪಿಸುವುದು. ಬಳಲಿದ ದೇಹ ಅದನ್ನು ತಾಳುವುದು ಕಷ್ಟ. 1970ರ ದಶಕದಲ್ಲಿ ಪಕ್ಕೆಯಿಂದ ಸೂಜಿ ತೂರಿಸಿ ಪಿತ್ತವನ್ನು ಹೊರಗಿನ ಚೀಲಕ್ಕೆ ಹರಿಸುವ ಕ್ರಮ ಬಳಕೆಗೆ ಬಂತು. ಜೀವ ಉಳಿಯುತ್ತಿತ್ತು, ಆದರೆ ಚೀಲ ಹೊತ್ತು ಬಾಳಬೇಕಿತ್ತು.

ಈ ನಡುವೆ ಇನ್ನೊಂದು ದಾರಿ ತೆರೆಯಿತು. 1968ರಲ್ಲಿ ಅಮೆರಿಕದ ವಿಲಿಯಂ ಮೆಕ್ಯೂನ್, ಬಾಯಿಯ ಮೂಲಕ ಇಳಿಸುವ ಎಂಡೋಸ್ಕೋಪಿನಿಂದ ಈ ನಾಳದ ಬಾಗಿಲನ್ನು ತಲಪಿದ ವರದಿಯನ್ನಿತ್ತರು. 1974ರಲ್ಲಿ ಜರ್ಮನಿಯ ಕ್ಲಾಸೆನ್ ಮತ್ತು ಡೆಮ್ಲಿಂಗ್, ಜಪಾನಿನ ಕವಾಯ್, ಆ ಬಾಗಿಲನ್ನು ಒಳಗಿನಿಂದಲೇ ಕೊಯ್ದು ಅಗಲಿಸಿದರು. ಇಂಡೋನೇಷ್ಯದಲ್ಲಿ ಹುಟ್ಟಿ ಹ್ಯಾಂಬರ್ಗಿನಲ್ಲಿ ವೈದ್ಯರಾಗಿದ್ದ ನಿಬ್ ಸೋಹೆಂದ್ರ ಅದೇ ದಾರಿಯಲ್ಲಿ ಪ್ಲಾಸ್ಟಿಕ್ ಕೊಳವೆಯೊಂದನ್ನು ನಾಳದಲ್ಲಿ ನಿಲ್ಲಿಸಿ 1980ರಲ್ಲಿ ಲೋಕಕ್ಕೆ ತಿಳಿಸಿದರು. ಹೊಟ್ಟೆ ಕೊಯ್ಯಬೇಕಿಲ್ಲ, ಚೀಲ ಹೊರಬೇಕಿಲ್ಲ.

ಆ ಕೊಳವೆಯ ಹೆಸರು ಸ್ಟೆಂಟ್. ಚಾರ್ಲ್ಸ್ ಸ್ಟೆಂಟ್ ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ದಂತವೈದ್ಯ. ಹಲ್ಲಿನ ಅಚ್ಚು ತೆಗೆಯುವ ಮೇಣದಂಥ ವಸ್ತುವೊಂದನ್ನು ಸಿದ್ಧಪಡಿಸಿದವನು. ಮೊದಲನೆಯ ಮಹಾಯುದ್ಧದ ಗಾಯಾಳುಗಳಿಗೆ ಕಸಿ ಮಾಡಿದ ಚರ್ಮವನ್ನು ಅದರ ಆಸರೆಯಲ್ಲಿ ನಿಲ್ಲಿಸಿದವನು ಡಚ್ ವೈದ್ಯ ಎಸರ್. ಅಲ್ಲಿಂದ ಮುಂದೆ ಅಂಗಾಂಶಕ್ಕೆ ಆಸರೆಯಾಗುವುದೆಲ್ಲ ಸ್ಟೆಂಟ್ ಆಯಿತು. ಅಂಕಿತನಾಮ ರೂಢನಾಮವಾದುದಕ್ಕೆ ವ್ಯಾಕರಣದ ವಿದ್ಯಾರ್ಥಿಗೆ ಇದಕ್ಕಿಂತ ಸೊಗಸಾದ ಉದಾಹರಣೆ ದೊರೆಯುವುದು ವಿರಳ.

ಆದರೆ ಪ್ಲಾಸ್ಟಿಕ್ ಕೊಳವೆಗೂ ಕಂಟಕವಿತ್ತು. ಅದರ ದಪ್ಪ ಮೂರು ಮಿಲಿಮೀಟರಿಗಿಂತ ತುಸುವೇ ಹೆಚ್ಚು. ಒಳಗೋಡೆಯಲ್ಲಿ ಸೂಕ್ಷ್ಮಜೀವಿಗಳು ಪಾಚಿಯಂತೆ ಹಬ್ಬಿ, ಪಿತ್ತದ ಗಸಿ ಕಟ್ಟಿ, ಕೆಲವೇ ತಿಂಗಳಲ್ಲಿ ಅದು ಮುಚ್ಚುತ್ತಿತ್ತು. ಮತ್ತೆ ಚಳಿಜ್ವರ, ಮತ್ತೆ ಆಸ್ಪತ್ರೆ. ಅಗಲವಾದ ಕೊಳವೆ ಎಂಡೋಸ್ಕೋಪಿನಲ್ಲಿ ತೂರದು. 1980ರ ದಶಕದ ಕೊನೆಯಲ್ಲಿ ಲೋಹದ ಜಾಲರಿ ಈ ತೊಡಕನ್ನು ಬಿಡಿಸಿತು: ಮಡಿಸಿದಾಗ ಸಣ್ಣದಾಗಿ ಒಳಸೇರಿ, ನಾಳದಲ್ಲಿ ತಾನೇ ಹತ್ತು ಮಿಲಿಮೀಟರಿನಷ್ಟು ಅರಳುವ ಕೊಳವೆ ಅದು.

1992ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವೈದ್ಯರು ಎರಡನ್ನೂ ತೂಗಿ ನೋಡಿದರು. ಪ್ಲಾಸ್ಟಿಕ್ ಕೊಳವೆ ತೆರೆದಿದ್ದ ಮಧ್ಯಮ ಅವಧಿ 126 ದಿನ. ಲೋಹದ್ದು 273 ದಿನ. ರೋಗಿಗಳ ಆಯುಸ್ಸಿನ ಮಧ್ಯಮ ಅವಧಿ ಮಾತ್ರ 149 ದಿನ. ಕೊಳವೆ ಯಾವುದಾದರೂ ಅದರಲ್ಲಿ ಗಣನೀಯ ಅಂತರವಿರಲಿಲ್ಲ.

ಹಾಗಾದರೆ ಗೆದ್ದದ್ದೇನು? ಲೆಕ್ಕವನ್ನು ಇನ್ನೊಮ್ಮೆ ನೋಡಿ. ಹಳೆಯ ಕೊಳವೆ ಅನೇಕರ ಆಯುಸ್ಸಿಗಿಂತ ಮೊದಲೇ ಸೋಲುತ್ತಿತ್ತು. ಹೊಸದು ಅದನ್ನು ದಾಟಿ ನಿಲ್ಲಬಲ್ಲುದಾಗಿತ್ತು. ಆಯುಸ್ಸು ಬೆಳೆಯಲಿಲ್ಲ, ಆದರೆ ಉಳಿದ ಆಯುಸ್ಸು ಆಸ್ಪತ್ರೆಯ ಅಲೆದಾಟದಲ್ಲಿ ಸವೆಯುವುದು ತಗ್ಗಿತು.

ಜಾಲರಿಯ ಕಂಡಿಗಳಲ್ಲಿ ಅರ್ಬುದ ನುಸುಳದಂತೆ ಮುಂದೆ ತೆಳುಹೊದಿಕೆ ಬಂತು. ಹೊದಿಕೆಯುಳ್ಳದ್ದು ಜಾರುವ ಭಯವೂ ಜತೆಗೆ ಬಂತು. 2001ರಲ್ಲಿ ಫ್ರಾನ್ಸಿನ ಜೊವಾನಿನಿ, ಶಬ್ದತರಂಗದ ನೆರವಿನಿಂದ ಕರುಳಗೋಡೆಯ ಮೂಲಕವೇ ನಾಳಕ್ಕೆ ದಾರಿ ಮಾಡಿದ್ದನ್ನು ಪ್ರಕಟಿಸಿದರು. ಇಷ್ಟಾದರೂ ಕೊಳವೆ ಅರ್ಬುದವನ್ನು ಗುಣಪಡಿಸದು. ನವೆ ಅಡಗಿ, ರೋಗಿ ಮನೆಯಲ್ಲಿ ತನ್ನವರ ನಡುವೆ ಒಂದು ತುತ್ತು ಉಂಡು ಕಣ್ಣುತುಂಬ ನಿದ್ರಿಸುವಂತೆ ಮಾಡುತ್ತದೆ. ಆ ರಾತ್ರಿಗಳ ಬೆಲೆಯನ್ನು ಬಲ್ಲವರು ಈ ಲಾಭವನ್ನು ಕಿರಿದೆನ್ನಲಾರರು.