ಪೀಣ್ಯದ ಶೆಡ್ಡುಗಳು

ದೇಶದ ಬಾಹ್ಯಾಕಾಶ ಉದ್ಯಮ 2020ರಲ್ಲಿ ಹುಟ್ಟಿತು ಎಂದೇ ಈಗಿನ ಹುಡುಗರು ನಂಬಿದ್ದಾರೆ. ಆ ವರ್ಷ ಕೇಂದ್ರ ಸರ್ಕಾರ ಈ ರಂಗವನ್ನು ಖಾಸಗಿಯವರಿಗೆ ತೆರೆದದ್ದು, ಇನ್‌-ಸ್ಪೇಸ್ ಸಂಸ್ಥೆಗೆ ಒಪ್ಪಿಗೆ ಕೊಟ್ಟದ್ದು ನಿಜ. ಪೀಣ್ಯದಲ್ಲಿ ಲೇತ್ ಮುಂದೆ ನಿಂತೇ ತಲೆ ನರೆತ ನಮ್ಮಂಥವರ ಲೆಕ್ಕ ಮಾತ್ರ 1972ರಿಂದ ಶುರು.

ಆ ಮೇ ತಿಂಗಳಲ್ಲಿ ಸೋವಿಯತ್ ಒಕ್ಕೂಟದೊಂದಿಗೆ ಒಪ್ಪಂದವಾಯಿತು. ಉಪಗ್ರಹ ನಮ್ಮದು, ರಾಕೆಟ್ ಅವರದು. ಪ್ರತಿಯಾಗಿ ಅವರ ಹಡಗುಗಳಿಗೆ ನಮ್ಮ ಬಂದರುಗಳಲ್ಲಿ ಆಸರೆ. ಜೂನ್‌ನಲ್ಲಿ ಬಾಹ್ಯಾಕಾಶ ಇಲಾಖೆ ಬಂತು. ಇಸ್ರೊ ಹೊಣೆ ಹೊತ್ತ ಸತೀಶ್ ಧವನ್ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕ ಹುದ್ದೆಯನ್ನೂ ಬಿಡಲಿಲ್ಲ, ಬೆಂಗಳೂರನ್ನೂ ಬಿಡಲಿಲ್ಲ. ಕೇಂದ್ರ ಕಚೇರಿಯೇ ಇಲ್ಲಿಗೆ ಬಂತು. ಉಪಗ್ರಹ ಕಟ್ಟುವ ಕೆಲಸ ಉಡುಪಿ ಕಡೆಯ ಅದಮಾರಿನ ಯು.ಆರ್. ರಾವ್ ಅವರ ಹೆಗಲಿಗೆ ಬಿತ್ತು. ಸಿಕ್ಕ ಜಾಗ ಪೀಣ್ಯದ ಕೈಗಾರಿಕಾ ಶೆಡ್ಡುಗಳು. 360 ಕಿಲೊ ತೂಕದ, 26 ಮುಖಗಳ ಆರ್ಯಭಟ 1975ರ ಏಪ್ರಿಲ್ 19ರಂದು ಕಪುಸ್ತಿನ್ ಯಾರ್‌ನಿಂದ ಮೇಲೇರಿತು. ವಿದ್ಯುತ್ ದೋಷದಿಂದ ಅದರ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತುಹೋದವು. ಆದರೆ ಕಟ್ಟಬಲ್ಲೆವು ಎಂಬುದು ಖಾತ್ರಿಯಾಗಿತ್ತು.

ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಇಸ್ರೊದವರು ಬಿಡಿಭಾಗಗಳನ್ನು ಹೊರಗೆ ಮಾಡಿಸುವ ಪದ್ಧತಿ ಬೇರೂರಿತ್ತು. ನಮ್ಮ ವರ್ಕ್‌ಶಾಪಿಗೆ ಬರುತ್ತಿದ್ದದ್ದು ಬ್ರಾಕೆಟ್ಟು, ಬುಶ್ಶು, ಫಿಕ್ಸ್ಚರ್. ಡ್ರಾಯಿಂಗ್ ಅವರದು, ಅಲ್ಯೂಮಿನಿಯಂ ಅವರದು. ಪ್ರತಿ ತುಂಡಿಗೂ ನಂಬರು. ಕೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ, ಹತ್ತು ಮೈಕ್ರಾನ್ ಆಚೀಚೆಯಾದರೂ ಜಾಬ್ ರಿಜೆಕ್ಟ್. ಆದರೆ ಅವರ ಇನ್‌ಸ್ಪೆಕ್ಟರ್ ರಿಜೆಕ್ಟ್ ಅಂದು ಎದ್ದು ಹೋಗುತ್ತಿರಲಿಲ್ಲ. ಮೆಷಿನ್ ಪಕ್ಕ ನಿಂತು, ಕಚ್ಚುವಾಗ ಬಿಸಿಯಾದ ಲೋಹ ತಣಿದ ಮೇಲೆ ಎಷ್ಟು ಕುಗ್ಗುತ್ತದೆಂದು ತೋರಿಸುತ್ತಿದ್ದರು. ಕೊನೆಯ ಕಟ್ ತೆಗೆಯುವ ಮುನ್ನ ಕಾಯಬೇಕು ಎಂಬುದನ್ನು ನಾನು ಕಲಿತದ್ದು ಹಾಗೆ. ಅದೇ ಶಿಸ್ತು ಆಮೇಲೆ ವಾಲ್ವ್ ಮಾಡುವಾಗಲೂ, ಆಸ್ಪತ್ರೆಯ ಉಪಕರಣ ಮಾಡುವಾಗಲೂ ಕೈಹಿಡಿಯಿತು. ಸರ್ಕಾರ ಈ ಉದ್ಯಮಕ್ಕೆ ಕೊಟ್ಟ ದೊಡ್ಡ ನೆರವು ಈ ಕಲಿಕೆಯೇ ಎಂದು ನನ್ನ ಗಟ್ಟಿ ಅಭಿಪ್ರಾಯ.

ಫಲ ಬರಲು ಕಾಲ ಹಿಡಿಯಿತು. 1982ರ ಇನ್‌ಸಾಟ್-1ಎ ಅಮೆರಿಕದ ಫೋರ್ಡ್ ಕಂಪನಿ ಕಟ್ಟಿಕೊಟ್ಟದ್ದು. ಹತ್ತು ವರ್ಷದ ನಂತರ ಇನ್‌ಸಾಟ್-2ಎ ಇಲ್ಲೇ ತಯಾರಾಯಿತು. ಫ್ರಾನ್ಸ್‌ನಿಂದ ಕಲಿತ ವಿಕಾಸ್ ರಾಕೆಟ್ ಎಂಜಿನನ್ನು ಗೋದ್ರೆಜ್, ಎಂಟಾರ್ ಕಂಪನಿಗಳು ಮಾಡತೊಡಗಿದವು. 2022ರಲ್ಲಿ ಐದು ಪಿಎಸ್‌ಎಲ್‌ವಿ ರಾಕೆಟ್‌ಗಳನ್ನು ಪೂರ್ತಿ ಕಟ್ಟುವ ಗುತ್ತಿಗೆ ಎಚ್‌ಎಎಲ್ ಮತ್ತು ಎಲ್ ಅಂಡ್ ಟಿ ಜೋಡಿಗೆ ಸಿಕ್ಕಿತು. ಇದು ಸಂತೋಷದ ವಿಷಯ.

ಆದರೆ ಗುತ್ತಿಗೆ ದೊಡ್ಡವರಿಗೆ ಹೋದರೂ ಬಿಡಿಭಾಗ ಹುಟ್ಟುವುದು ಸಣ್ಣ ಶೆಡ್ಡುಗಳಲ್ಲೇ. ಅಲ್ಲಿನ ಹುಡುಗರಿಗೂ ಕಲಿಯಲು ಸಮಯ ಸಿಗಬೇಕು. ಮೊದಲ ತುಂಡು ಕೆಟ್ಟ ನಷ್ಟವನ್ನೆಲ್ಲ ಸಣ್ಣವನ ತಲೆಗೇ ಕಟ್ಟಬಾರದು, ಮಾಡಿದ ಕೆಲಸದ ಹಣ ತಡವಾಗಬಾರದು. ಇಷ್ಟನ್ನು ಸರ್ಕಾರ ಕರಾರಿನಲ್ಲೇ ಬರೆಸಲಿ.